ವಾಯರ್ ಕೆರೆದು ನೋಡುತ್ತಿದ್ದವರು

ಎದುರಿನ ಚಹಾದಂಗಡಿಯವ ಕೆಟಲಿ ಹಿಡಿದುಕೊಂಡೇ ರಸ್ತೆ ದಾಟಿ ಬಂದು, "ಅಕ್ಕಾರ, ನಿಮ್ಮ ಕೇಬಲ್‌ನವ್ರು ಹೋದ್ರಂತ್ರಿ, ಮುಂಜಾನೆ," ಎಂದ. ನನಗೆ ಮೊದಲು ಬಂದದ್ದು ಸಿಟ್ಟು. "ನಮ್ಮ ಕೇಬಲ್‌ನವ್ರು ಅಂದ್ರ ಏನೋ? ಊರಿಗೆಲ್ಲಾ ಕೇಬಲ್ ಎಳದಾರ ಅವ್ರು!" ಎಂದು ಅವನ ಮೇಲೆ ಹರಿಹಾಯ್ದೆ. ಪಾಪ, ಅವನದೇನು ತಪ್ಪು? ನನ್ನ ಸ್ವಭಾವವೇ ಹೀಗೆ. ಅಳು ಬರುವ ಮೊದಲು ಸಿಟ್ಟು ಬರುತ್ತದೆ, ಎಷ್ಟೋ ಸಲ ಸಿಟ್ಟು ಇಳಿಯುವಷ್ಟರಲ್ಲಿ ಅಳುವುದು ಮರೆತೇ ಹೋಗಿರುತ್ತದೆ. ಅವತ್ತು ಮರೆಯಲಿಲ್ಲ. ಬಲ್ಬು ಕೊಳ್ಳಲು ಬಂದ ಗಿರಾಕಿಯ ಎದುರೇ ಅತ್ತೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಬನಹಟ್ಟಿಯಲ್ಲಿ ಅರ್ಧ ಜನಕ್ಕೆ ಅದು ಯಾರದೆಂದು ಗೊತ್ತಾಗುವುದಿಲ್ಲ. ಒಂದು ಬೋರ್ಡು ಹಾಕಿಕೊಂಡವರಲ್ಲ, ಒಂದು ಕಾರ್ಡು ಮಾಡಿಸಿಕೊಂಡವರಲ್ಲ. ನನಗಿಂತ ಅವರು ಎರಡು ವರ್ಷ ದೊಡ್ಡವರೆಂದು ನನ್ನ ಲೆಕ್ಕ, ಇಲ್ಲ, ತಾನೇ ಚಿಕ್ಕವನೆಂದು ಅವರ ವಾದ. ನಾನು ಅಣ್ಣಾರ ಅನ್ನುತ್ತಿದ್ದೆ, ಅವರು ಅಕ್ಕಾರ ಅನ್ನುತ್ತಿದ್ದರು. ಯಾರು ದೊಡ್ಡವರೆಂಬುದು ಕೊನೆಗೂ ತೀರ್ಮಾನವಾಗಲಿಲ್ಲ.

ಅವರ ಬಗ್ಗೆ ಬರೆಯಬೇಕೆಂದು ಕೂತರೆ ಒಂದೇ ವಿಷಯ ಎದುರು ಬಂದು ನಿಲ್ಲುತ್ತದೆ. ಕೊನೆಯ ನಾಲ್ಕು ವರ್ಷ ಆ ಮನುಷ್ಯನಿಗೆ ಬೇಕಾಗಿದ್ದದ್ದು ಒಂದು ಕಬ್ಬಿನ ಟ್ರೇಲರಿನ ಹಿಂದೆ ಬರೆದಿದ್ದ ನಂಬರು. ಅದು ಸಿಕ್ಕಿದ್ದರೆ ಒಬ್ಬ ಹೆಣ್ಣುಮಗಳಿಗೆ ತನ್ನ ಗಂಡನನ್ನು ಕೆಡವಿ ಹೋದವನು ಯಾರೆಂದು ಗೊತ್ತಾಗುತ್ತಿತ್ತು. ಸಿಗಲಿಲ್ಲ. ಸಿಗದಿರುವುದಕ್ಕೆ ಕಾರಣ ತಾನೇ ಎಂದು ಅವರು ತಿಳಿದಿದ್ದರು. ಅದು ಸುಳ್ಳೆಂದು ಹೇಳಲು ನನಗೂ ಬಾಯಿ ಬರುವುದಿಲ್ಲ, ಯಾಕೆಂದರೆ ಅದು ಸುಳ್ಳಲ್ಲ.

ನಮ್ಮದು ಬನಹಟ್ಟಿಯ ಮಗ್ಗದ ಓಣಿಯ ತುದಿಯ ಎಲೆಕ್ಟ್ರಿಕಲ್ ಅಂಗಡಿ. ಪವರ್‌ಲೂಮ್ ಮೋಟಾರುಗಳ ಸಾಮಾನು ಮಾರಲೆಂದು ಅಪ್ಪ ಶುರುಮಾಡಿದ್ದು. ಗಂಡ ಸಮೀರವಾಡಿಯ ಕಡೆ ಕೆಲಸಕ್ಕೆ ಹೋಗುತ್ತಾರೆ, ಅಂಗಡಿ ನನ್ನದು. ಹೆಣ್ಣುಮಗಳು ಫ್ಯೂಜು, ಸ್ಟಾರ್ಟರು ಮಾರುವುದನ್ನು ನೋಡಲೆಂದೇ ಮೊದಮೊದಲು ಜನ ಬರುತ್ತಿದ್ದರು. ಹಾಗೆ ಬಂದವರಿಗೆಲ್ಲ ಬೈದು ಕಳಿಸುತ್ತಿದ್ದೆ. ಬೈಸಿಕೊಂಡವರೇ ಈಗ ಕಾಯಂ ಗಿರಾಕಿಗಳು.

ಅಂಥ ಗಿರಾಕಿಗಳನ್ನು ಓಡಿಸುವುದಕ್ಕೆಂದೇ ಹುಟ್ಟಿದವರ ಹಾಗೆ ಅವರು ಕೌಂಟರಿನ ಬದಿಯ ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಯಾರಾದರೂ ಬಂದು, "ಕ್ಯಾಮೆರಾದ ವಾಯರ್ ಒಂದ ಬಂಡಲ್ ಕೊಡ್ರಿ, ಸಸ್ತಾದ್ದು," ಎಂದರೆ ಸಾಕು. ನಾನು ಬಂಡಲ್ ಇಳಿಸಿ ಕೌಂಟರಿನ ಮೇಲಿಡುವಷ್ಟರಲ್ಲಿ ಅವರ ಕಿಸೆಯಿಂದ ಬ್ಲೇಡು ಹೊರಗೆ ಬಂದಿರುತ್ತಿತ್ತು. ತುದಿಯನ್ನು ಎರಡು ಬೆರಳುದ್ದ ಸುಲಿದು, ಮೇಲಿನ ಜಾಲರಿ ಹಿಂದಕ್ಕೆ ಸರಿಸಿ, ನಡುವಿನ ತಂತಿಯನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆಯುವರು. ಕೆರೆದಲ್ಲಿ ತಾಮ್ರದ ಬಣ್ಣ ಹೋಗಿ ಬೆಳ್ಳಗೆ ಹೊಳೆದರೆ ಮುಗಿಯಿತು. "ನೋಡ್ರಿ, ಮ್ಯಾಲ ಗಿಲೀಟು, ಒಳಗ ಅಲ್ಯುಮಿನಿಯಂ," ಎಂದು ಗಿರಾಕಿಯ ಮೂಗಿನ ಹತ್ತಿರ ಹಿಡಿಯುವರು. ಬೆಳ್ಳಗಾಗದಿದ್ದರೂ ಸುಮ್ಮನಾಗುತ್ತಿರಲಿಲ್ಲ. ಹಳೆಯ ಸ್ಪೀಕರಿನಿಂದ ಕಿತ್ತಿದ್ದ ಒಂದು ಅಯಸ್ಕಾಂತ ಸದಾ ಚೀಲದಲ್ಲಿ. ತಂತಿ ಅದಕ್ಕೆ ಅಂಟಿಕೊಂಡರೆ ಒಳಗಿರುವುದು ಕಬ್ಬಿಣ.

ಇವೆರಡರಲ್ಲೂ ಪಾಸಾದರೆ ಮೂರನೆಯ ಪರೀಕ್ಷೆ. ಅವರು ರಬಕವಿಯ ನೇಕಾರರ ಮನೆಯವರು. ಸೀರೆಯ ಒಂದು ಇಂಚಿನಲ್ಲಿ ಎಷ್ಟು ಎಳೆಗಳಿವೆ ಎಂದು ಎಣಿಸಲು ಅವರ ತಂದೆ ಇಟ್ಟುಕೊಂಡಿದ್ದ ಚಿಕ್ಕ ಭೂತಗನ್ನಡಿಯೊಂದಿತ್ತು. ಅದನ್ನು ವಾಯರಿನ ಜಾಲರಿಯ ಮೇಲಿಟ್ಟು, ಒಂದು ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತ ಎಳೆ ಎಣಿಸುವರು. ಎಳೆಗಳ ನಡುವೆ ಒಳಗಿನ ಬಿಳಿ ಪ್ಲಾಸ್ಟಿಕ್ ಎಷ್ಟು ಇಣುಕುತ್ತದೆ ಎಂದು ನೋಡುವರು. ಆಮೇಲೆ ತಲೆ ಎತ್ತಿ, "ನೇಯ್ಗಿ ಸಡಲ ಐತ್ರಿ ಅಕ್ಕಾರ. ಇದನ್ನ ಉಟ್ಕೊಂಡ ಹೊರಗ ಹೋಗಾಕ ಬರಂಗಿಲ್ಲ," ಎನ್ನುವರು. ಗಿರಾಕಿ ನಗುತ್ತ ಹೋಗಿಬಿಡುತ್ತಿದ್ದ, ಬಹಳ ಸಲ ಮುಂದಿನ ಅಂಗಡಿಗೆ.

ನನಗೆ ಮೈಯೆಲ್ಲ ಉರಿಯುತ್ತಿತ್ತು. "ಅಣ್ಣಾರ, ನೀವು ನನ್ನ ಅಂಗಡಿ ಮುಚ್ಚಸಾಕ ಬಂದೀರೇನ್ರಿ?"

"ಮಾರ್ರಿ ಅಕ್ಕಾರ, ನಾ ಬ್ಯಾಡ ಅನ್ನಾಕತ್ತಿಲ್ಲ. ಗೊತ್ತಿದ್ದ ಒಯ್ಲಿ ಅನ್ನಾಕತ್ತೇನಿ."

"ಗೊತ್ತಾದ ಮ್ಯಾಲ ಯಾರ ಒಯ್ತಾರ್ರಿ?"

"ಅದನ್ನ ನನಗ್ಯಾಕ ಕೇಳ್ತೀರಿ?" ಎಂದು ಬ್ಲೇಡು ಮಡಚಿ ಕಿಸೆಗೆ ಹಾಕಿಕೊಳ್ಳುವರು. ಎಷ್ಟೇ ಬೈದರೂ ಸಿಟ್ಟಿಲ್ಲ. ಸಿಟ್ಟಿಲ್ಲದ ಮನುಷ್ಯನ ಜೊತೆ ಜಗಳವಾಡುವುದು ನನ್ನಂಥವಳಿಗೆ ದೊಡ್ಡ ಶಿಕ್ಷೆ. ಬಂಡಲ್ಲಿನ ಸುಲಿದ ತುದಿಯನ್ನು ಕತ್ತರಿಸಿ ಹಾಕಿ ಮತ್ತೆ ಮೇಲಿಡುತ್ತಿದ್ದೆ.

ಅವರು ಮೊದಲಿನಿಂದ ಹಾಗಿರಲಿಲ್ಲ. ಹಾಗಿದ್ದಿದ್ದರೆ ಈ ಬರಹವೇ ಬೇಕಿರಲಿಲ್ಲ.

ಮಗ್ಗದ ಮುಂದೆ ಕೂರಲು ಆಗುವುದಿಲ್ಲವೆಂದು ಅವರು ಹರೆಯದಲ್ಲೇ ಕೇಬಲ್ ಟಿವಿಯ ಕೆಲಸಕ್ಕೆ ಬಿದ್ದವರು. ಒಂದು ಕಾಲಕ್ಕೆ ರಬಕವಿ, ಬನಹಟ್ಟಿಯ ಮಾಳಿಗೆಗಳೆಲ್ಲ ಅವರಿಗೆ ಸ್ವಂತ ಅಂಗಳವಿದ್ದ ಹಾಗೆ. ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಕರಿ ವಾಯರ್ ಎಳೆಯುತ್ತ, ಶ್ಯಾವಿಗೆ, ಹಪ್ಪಳ ಒಣಹಾಕಿದ ಮುದುಕಿಯರ ಜೊತೆ ಚೇಷ್ಟೆ ಮಾಡುತ್ತ ದಿನ ಕಳೆಯುವರು. "ಆಯಿ, ಧಾರಾವಾಹಿ ಬೇಕಂದ್ರ ಹಪ್ಪಳಾ ಬಿಚ್ಚಬೇಕ ನೋಡು," ಎಂದು ವಸೂಲಿ ಮಾಡಿದ ಹಪ್ಪಳವನ್ನು ನಮ್ಮ ಅಂಗಡಿಗೂ ತಂದು ಕೊಟ್ಟದ್ದುಂಟು. ಆಮೇಲೆ ಮನೆಗೊಂದು ಡಿಶ್ ಬಂತು. ಮಾಳಿಗೆ ಹತ್ತುವ ಕೆಲಸ ನಿಂತಿತು. ಉಳಿದದ್ದು ಅರ್ಧರ್ಧ ಖರ್ಚಾದ ವಾಯರಿನ ಸುರುಳಿಗಳು, ನೋಯುವ ಮೊಣಕಾಲು, ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತಿ ಸಂಸಾರ ನಡೆಸುತ್ತಿದ್ದ ಹೆಂಡತಿ.

ಅಷ್ಟರಲ್ಲಿ ಕ್ಯಾಮೆರಾ ಬಂದವು. ಸೀರೆ ವ್ಯಾಪಾರಸ್ಥರಿಗೆ ಬೇಕು, ಮಗ್ಗದ ಮಾಲಕರಿಗೆ ಬೇಕು, ಬೀಳಗಿಯ ಬೀಜದ ಅಂಗಡಿಯವರಿಗೆ ಬೇಕು. ಜಮಖಂಡಿಯಿಂದ ಮುಧೋಳದವರೆಗೆ ಕೆಲಸವಿಲ್ಲದೆ ಕೂತಿದ್ದ ಕೇಬಲ್‌ನವರೆಲ್ಲ ಒಂದೇ ಏಟಿಗೆ ಕ್ಯಾಮೆರಾದವರಾದರು. ಮನೆಯಲ್ಲಿ ಸುರುಳಿಗಟ್ಟಲೆ ವಾಯರ್ ಬಿದ್ದಿತ್ತು. ಟಿವಿಯ ವಾಯರೂ ಕ್ಯಾಮೆರಾದ ವಾಯರೂ ಹೊರಗಿನಿಂದ ಅಣ್ಣತಮ್ಮ. ಎರಡೂ ಕರಿ, ಎರಡೂ ಪೆನ್ಸಿಲ್ಲಿನ ಗಾತ್ರ, ಎರಡರೊಳಗೂ ನಡುವೆ ಒಂದು ತಂತಿ, ಸುತ್ತ ಜಾಲರಿ. ಅದರಲ್ಲೂ ಚಿತ್ರ ಬರುತ್ತದೆ, ಇದರಲ್ಲೂ ಚಿತ್ರ ಬರುತ್ತದೆ. ಹೊಸದಾಗಿ ಕೆಲಸ ಕಲಿತವನಾಗಿದ್ದರೆ ಯಾರನ್ನಾದರೂ ಕೇಳುತ್ತಿದ್ದ. ಇಪ್ಪತ್ತು ವರ್ಷ ಅದೇ ವಾಯರ್ ಎಳೆದ ಕೈಗೆ ಕೇಳುವ ಅಗತ್ಯ ಎಲ್ಲಿಂದ ಕಾಣಬೇಕು?

ಹಾಗೆಂದು ಬರೆದು ನಾನು ಪಾರಾಗುವಂತಿಲ್ಲ. ಅವರು ಕೇಳಿದ್ದರು, ನನ್ನನ್ನೇ. ಬನಹಟ್ಟಿಯಿಂದ ಜಮಖಂಡಿಗೆ ಹೋಗುವ ರಸ್ತೆಯ ಬದಿಗೆ ಒಂದು ಗೊಬ್ಬರದ ಗೋದಾಮಿದೆ. ಅಲ್ಲಿ ಕ್ಯಾಮೆರಾ ಹಾಕುವ ಮೊದಲು ಅಂಗಡಿಗೆ ಬಂದು, "ಅಕ್ಕಾರ, ಕ್ಯಾಮೆರಾಕ್ಕ ಬ್ಯಾರೆ ವಾಯರ್ ಬರತೈತಂತಲ್ರಿ, ಖರೇ ಏನ್ರಿ?" ಎಂದರು. ನಾನು ಏನೋ ಬಿಲ್ಲು ಬರೆಯುತ್ತಿದ್ದೆ. ತಲೆ ಎತ್ತದೆ, "ಎರಡೂ ಕರಿ ವಾಯರ. ಅದರಾಗೇನ ಫರಕ ಇರತೈತ್ರಿ? ಮನ್ಯಾಗಿಂದ ಮೊದಲ ಖಾಲಿ ಮಾಡ್ರಿ," ಎಂದೆ. ಜಾಣತನದ ಮಾತಾಡಿದೆನೆಂದು ಒಳಗೊಳಗೇ ಹೆಮ್ಮೆಯೂ ಆಗಿತ್ತು. ನನ್ನ ನಾಲಿಗೆಗೆ ಬೆಂಕಿ ಬೀಳಲಿ.

ಆ ಗೋದಾಮಿನ ಗೇಟಿಗೆ ಕ್ಯಾಮೆರಾ, ಅದರ ಕಣ್ಣು ರಸ್ತೆಯ ಕಡೆ. ಚಿತ್ರ ತುಂಬಿಡುವ ಪೆಟ್ಟಿಗೆ ಹಿಂದಿರುವ ಮಾಲಕರ ಮನೆಯಲ್ಲಿ. ನಡುವೆ ಮಾಲಕರದೇ ಹಿಟ್ಟಿನ ಗಿರಣಿ. ವಾಯರ್ ಗಿರಣಿಯ ಗೋಡೆ ಹಿಡಿದು, ಅದರ ದೊಡ್ಡ ಮೋಟಾರಿಗೆ ಮೈ ತಾಗಿಸಿಕೊಂಡೇ ಮನೆಗೆ ಹೋಯಿತು. ಹಾಕಿದ ಮರುವಾರವೇ ಮಾಲಕರು, "ಗಿರಣಿ ಚಾಲೂ ಆದ್ರ ಚಿತ್ರದ ತುಂಬ ಗೆರಿ ಬರ್ತಾವಲ್ರಿ," ಎಂದಿದ್ದರು. ಇವರು, "ಎಲ್ಲಾ ಕಡೆ ಹಂಗ ಬರ್ತಾವ್ರಿ ಸಾವ್ಕಾರ್ರ," ಎಂದು ಬಂದಿದ್ದರು. ಎಲ್ಲಾ ಕಡೆ ಹಾಗೆ ಬರುತ್ತಿದ್ದದ್ದೂ ನಿಜವೇ. ಎಲ್ಲಾ ಕಡೆ ಹಾಕಿದ್ದು ಅದೇ ವಾಯರ್.

ಆ ವರ್ಷದ ಕಬ್ಬಿನ ಸೀಜನ್ನಿನಲ್ಲಿ, ಇನ್ನೂ ಬಿಸಿಲಿರುವಾಗಲೇ, ಆ ಗೋದಾಮಿನ ಎದುರು ಒಬ್ಬ ಮೊಪೆಡ್ಡಿನವನನ್ನು ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಕೆಡವಿ ಹೋಯಿತು. ಅವನ ಹೆಂಡತಿ ಜೋಳದ ರೊಟ್ಟಿ ಬಡಿದು ಮಾರುವವಳು. ಆಕೆ ಬಡಿದ ರೊಟ್ಟಿಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿಕೊಂಡು ಅವನು ಜಮಖಂಡಿಯ ಖಾನಾವಳಿಗಳಿಗೆ ಮುಟ್ಟಿಸುತ್ತಿದ್ದ. ಟ್ರ್ಯಾಕ್ಟರ್ ನಿಲ್ಲಲಿಲ್ಲ. ಹಾಡು ಹಚ್ಚಿಕೊಂಡಿದ್ದರೆ ಕೇಳಿರಲಿಕ್ಕಿಲ್ಲ ಎಂದು ಕೆಲವರು, ಕೇಳಿಯೂ ಓಡಿದ ಎಂದು ಕೆಲವರು. ಗಿರಣಿಯ ಸದ್ದಿನಲ್ಲಿ ಗೋದಾಮಿನವರಿಗೂ ಗೊತ್ತಾಗಲಿಲ್ಲ. ಯಾರೋ ದಾರಿಹೋಕರು ನೋಡಿ ಎತ್ತುವಷ್ಟರಲ್ಲಿ ಜೀವ ಹೋಗಿತ್ತು.

ಕ್ಯಾಮೆರಾ ಎಲ್ಲವನ್ನೂ ನೋಡಿತ್ತು. ಆ ತುಣುಕನ್ನು ಪೆನ್‌ಡ್ರೈವಿಗೆ ಇಳಿಸಿಕೊಡಲು ಕರೆದದ್ದೂ ಇವರನ್ನೇ. ಒಂದು ಪ್ರತಿ ಠಾಣೆಗೆ ಹೋಯಿತು. ಇನ್ನೊಂದನ್ನು ದೊಡ್ಡದು ಮಾಡಿ ನೋಡೋಣವೆಂದು ನಮ್ಮ ಅಂಗಡಿಯ ಕಂಪ್ಯೂಟರಿಗೆ ಹಾಕಿದರು. ಗಿರಣಿ ಚಾಲೂ ಇದ್ದ ಹೊತ್ತು. ಚಿತ್ರದ ತುಂಬ ಕೆಳಗಿನಿಂದ ಮೇಲಕ್ಕೆ ಉರುಳುವ ದಪ್ಪ ಪಟ್ಟೆಗಳು. ಎಡಗಡೆಯಿಂದ ಮೊಪೆಡ್ ಬರುತ್ತದೆ, ಹಿಂದೆ ಬಿಳಿ ಗಂಟು. ಪಟ್ಟೆಗಳ ನಡುವೆ ಕರ್ರಗೆ ದೊಡ್ಡದೊಂದು ನುಗ್ಗುತ್ತದೆ. ಅದು ಮುಂದೆ ಹೋದ ಮೇಲೆ ಮೊಪೆಡ್ ಇರುವುದಿಲ್ಲ. ಹಿಂದಿನ ಟ್ರೇಲರಿನ ಬೆನ್ನಿಗೆ ನಂಬರು ಬರೆದ ಜಾಗ ಕಾಣುತ್ತದೆ, ಬಿಳಿ ಕಲೆಯ ಹಾಗೆ. ಅಂಕಿಗಳಿಲ್ಲ. ಎಷ್ಟು ದೊಡ್ಡದು ಮಾಡಿದರೂ ಕಲೆ ದೊಡ್ಡದಾಗುತ್ತದೆ, ಅಷ್ಟೇ. ಠಾಣೆಯವರೂ ನೋಡಿದರು. ನಂಬರಿಲ್ಲದೆ ಯಾರನ್ನೆಂದು ಹುಡುಕುವುದು? ಆ ಸೀಜನ್ನಿನಲ್ಲಿ ಆ ರಸ್ತೆಯ ಮೇಲೆ ಟ್ರ್ಯಾಕ್ಟರ್ ಬಿಟ್ಟರೆ ಬೇರೇನೂ ಓಡುವುದಿಲ್ಲ.

ರೊಟ್ಟಿಯ ಹೆಣ್ಣುಮಗಳು ನಮ್ಮ ಅಂಗಡಿಗೆ ಬರತೊಡಗಿದಳು. ಹದಿನೈದು ದಿನಕ್ಕೊಮ್ಮೆ, ಕೆಲವು ಸಲ ವಾರಕ್ಕೇ. ಬರಿಗೈಯಲ್ಲಿ ಬರುತ್ತಿರಲಿಲ್ಲ, ಬಟ್ಟೆಯಲ್ಲಿ ಕಟ್ಟಿದ ಹತ್ತು ರೊಟ್ಟಿ ಕೌಂಟರಿನ ಮೇಲಿಟ್ಟು, "ಅಣ್ಣಾರ ಅದಾರೇನ್ರಿ? ಇನ್ನೊಮ್ಮಿ ನೋಡೂಣಂತ ಬಂದ್ನಿರಿ," ಎನ್ನುವಳು. ಇವರು ಹಚ್ಚಿ ತೋರಿಸುವರು. ಮೆಲ್ಲಗೆ ಓಡಿಸುವರು, ನಿಲ್ಲಿಸುವರು, ಬೆಳಕು ಹೆಚ್ಚು ಮಾಡುವರು. ಆಕೆ ಪರದೆಗೆ ಮೂಗು ತಾಗುವಷ್ಟು ಬಾಗಿ ನೋಡುವಳು.

ಒಂದು ಸಲ ನಾನು ತಡೆಯಲಾರದೆ, "ನಂಬರ ಸಿಕ್ರ ಏನ ಮಾಡ್ತೀಯವ್ವಾ?" ಎಂದು ಕೇಳಿದೆ.

"ಏನೂ ಮಾಡಂಗಿಲ್ರಿ ಅಕ್ಕಾರ. ಅವನ ಮನಿ ಬಾಗಲಕ್ಕ ಹೋಗಿ ನಿಂದರತೀನಿ. ಇಳದ ಒಂದ ಹನಿ ನೀರ ಯಾಕ ಹಾಕಲಿಲ್ಲೋ ಅಂತ ಕೇಳ್ತೀನಿ. ಅಷ್ಟ ರಿ." ಆಕೆ ಅದನ್ನು ಅಳುತ್ತ ಹೇಳಲಿಲ್ಲ, ರೊಟ್ಟಿಯ ಬಟ್ಟೆ ಮಡಚುತ್ತ ಹೇಳಿದಳು.

ಆವರೆಗೆ ಕ್ಯಾಮೆರಾವೇ ಕೆಟ್ಟದ್ದೆಂದು ಇವರು ತಿಳಿದಿದ್ದರು. ಎರಡು ತಿಂಗಳ ನಂತರ ಹುಬ್ಬಳ್ಳಿ ಕಡೆಯ ಕಂಪನಿಯೊಂದರ ಮನುಷ್ಯ ಕೇಬಲ್ಲಿನ ನಮೂನೆಗಳನ್ನು ತೋರಿಸಲು ಅಂಗಡಿಗೆ ಬಂದ. ಇವರು ಸ್ಟೂಲಿನ ಮೇಲೆ ಚಹಾ ಕುಡಿಯುತ್ತಿದ್ದರು. ಅವನು ಎರಡು ತುಂಡು ಕತ್ತರಿಸಿ ಪಕ್ಕಪಕ್ಕ ಇಟ್ಟು ಪಾಠ ಮಾಡಿದ. ಟಿವಿಯ ಸಿಗ್ನಲ್ಲು ತಂತಿಯ ಮೈಮೇಲಷ್ಟೇ ಓಡುತ್ತದೆ, ಅದಕ್ಕೆ ಒಳಗೆ ಕಬ್ಬಿಣವಿದ್ದು ಮೇಲೆ ತಾಮ್ರ ಬಳಿದಿದ್ದರೆ ಸಾಕು. ಕ್ಯಾಮೆರಾದ ಚಿತ್ರಕ್ಕೆ ತಂತಿ ಒಳಗೂ ಹೊರಗೂ ತಾಮ್ರವೇ ಆಗಬೇಕು. ಮೇಲಿನ ಜಾಲರಿಯೂ ತಾಮ್ರದ್ದು, ಒತ್ತಾಗಿ ಹೆಣೆದದ್ದು ಬೇಕು, ಇಲ್ಲದಿದ್ದರೆ ಹತ್ತಿರದ ಮೋಟಾರಿನ ಗದ್ದಲವೆಲ್ಲ ಒಳಗೆ ನುಗ್ಗಿ ಚಿತ್ರಕ್ಕೆ ಪಟ್ಟೆ ಬೀಳುತ್ತದೆ. ದೂರ ಹೆಚ್ಚಾದಷ್ಟೂ ಮಸುಕು. "ಈ ಹಳೇ ಕೇಬಲ್ ಟಿವಿ ಮಂದಿ ಇದನ್ನ ಅದಕ್ಕ, ಅದನ್ನ ಇದಕ್ಕ ಹಾಕಿ ಎಲ್ಲಾ ಹಾಳ ಮಾಡಿಬಿಟ್ಟಾರ್ರಿ," ಎಂದು ನಕ್ಕ. ಎದುರಿಗೆ ಯಾರು ಕೂತಿದ್ದಾರೆಂದು ಅವನಿಗೇನು ಗೊತ್ತು?

ಇವರು ಎದ್ದು ಬಂದು ಟಿವಿ ವಾಯರಿನ ತುಂಡು ತೆಗೆದುಕೊಂಡರು. ಚೀಲದಿಂದ ಭೂತಗನ್ನಡಿ ತೆಗೆದರು. ಅದನ್ನು ಅವರು ವಾಯರಿನ ಮೇಲೆ ಇಟ್ಟು ನೋಡಿದ್ದು ಅದೇ ಮೊದಲು. ಬಹಳ ಹೊತ್ತು ನೋಡಿದರು. "ನಮ್ಮಪ್ಪ ಇಂಥಾ ನೇಯ್ಗಿ ನೋಡಿದ್ರ ಮಗ್ಗಾನ ಕಿತ್ತ ಒಗೀತಿದ್ದ ರಿ," ಎಂದರು. ಆಮೇಲೆ ನನ್ನ ಕಡೆ ನೋಡಿದರು. 'ಎರಡೂ ಕರಿ ವಾಯರ' ಎಂದ ಮಾತು ನನಗೆ ನೆನಪಾಯಿತು, ಅವರಿಗೂ ನೆನಪಾಯಿತೆಂದು ಅವರ ಮುಖದಲ್ಲೇ ಗೊತ್ತಾಯಿತು. ಒಂದೇ ಒಂದು ಮಾತು ಆಡಲಿಲ್ಲ. ಆಡಬೇಕಿತ್ತು. ಚಹಾ ಅರ್ಧಕ್ಕೇ ಬಿಟ್ಟು ಹೋದರು.

ಅಲ್ಲಿಂದ ಶುರುವಾದದ್ದು ಈ ಕೆರೆಯುವ, ಎಣಿಸುವ ಹುಚ್ಚು. ಅದರ ಜೊತೆಗೆ ಇನ್ನೊಂದು ಹುಚ್ಚು. ತಾನು ಹಳೆಯ ವಾಯರ್ ಹಾಕಿದ ಕಡೆಗೆಲ್ಲ ಹೋಗಿ, ಅದನ್ನು ಕಿತ್ತು ಸರಿಯಾದದ್ದು ಹಾಕಿಕೊಡುವುದು. ಕೂಲಿ ಬೇಡ, ವಾಯರ್ ತಂದುಕೊಟ್ಟರೆ ಸಾಕು. ಯಾರೂ ಒಪ್ಪಲಿಲ್ಲ ಎಂದರೆ ತಪ್ಪಾದೀತು. ಗಲಗಲಿಯಲ್ಲಿ ಒಬ್ಬರು ಒಪ್ಪಿದರು, ಅವರ ಹೊಳೆದಂಡೆಯ ಪಂಪ್‌ಸೆಟ್ಟಿನ ಮನೆಯ ಕ್ಯಾಮೆರಾ ಹೇಗೂ ನಿಂತೇಹೋಗಿತ್ತು. ಮುಧೋಳದಲ್ಲಿ ಇಬ್ಬರು. ಉಳಿದವರೆಲ್ಲ ಇವರಿಗೆ ತಲೆ ಕೆಟ್ಟಿದೆ ಎಂದರು.

ರಬಕವಿಯ ಒಬ್ಬ ಸೀರೆ ವ್ಯಾಪಾರಸ್ಥರ ಹತ್ತಿರ ನಾನೂ ಜೊತೆಗೆ ಹೋಗಿದ್ದೆ, ನನ್ನ ಮಾತಿಗಾದರೂ ಒಪ್ಪಲಿ ಎಂದು. ಅವರು ಗಾದಿಯ ಮೇಲಿಂದ ಏಳಲೂ ಇಲ್ಲ. "ಚಿತ್ರ ಬರತೈತಲ್ಲೋ ತಮ್ಮಾ? ಮಂದಿ ಬಂದದ್ದು ಕಾಣತೈತಿ, ಹೋದದ್ದು ಕಾಣತೈತಿ. ಮತ್ತೇನ ಬೇಕು?"

"ಕಣ್ಣು, ಮೂಗು, ಮಾರಿ ಯಾವುದೂ ಕಾಣಂಗಿಲ್ರಿ ಸಾವ್ಕಾರ್ರ."

"ಮಾರಿ ಕಟಗೊಂಡ ನಾ ಏನ ಮಾಡ್ಲಿ? ಬೋರ್ಡ ಹಚ್ಚೇವಿ, ಕ್ಯಾಮೆರಾ ಅದಾವಂತ. ಅದನ್ನ ನೋಡೇ ಅಂಜತಾರ ಮಂದಿ."

ಹೊರಗೆ ಬಂದ ಮೇಲೆ ನಾನೇ ಕುದಿಯುತ್ತಿದ್ದೆ. "ಹಾಳಾಗಿ ಹೋಗ್ಲಿ ಬಿಡ್ರಿ ಅಣ್ಣಾರ. ಅವ್ರಿಗಿಲ್ಲದ್ದು ನಿಮಗ್ಯಾಕ?" ಎಂದೆ. ಅವರು ಗೋಡೆಯ ಮೇಲೆ ತಾವೇ ಹೊಡೆದಿದ್ದ ಮೊಳೆಗಳನ್ನು ನೋಡುತ್ತ ನಡೆದರು. ಸಾಲಾಗಿ, ಒಂದೇ ಅಳತೆಯ ಅಂತರದಲ್ಲಿ, ಎಷ್ಟು ಅಚ್ಚುಕಟ್ಟಾಗಿ ಹೊಡೆದಿದ್ದರೆಂದರೆ ಇವತ್ತಿಗೂ ಒಂದು ಸಡಿಲಾಗಿಲ್ಲ.

ಆ ಗೋದಾಮಿನ ಮಾಲಕರೂ ಸುಮಾರು ಮೂರು ವರ್ಷ ಒಪ್ಪಲಿಲ್ಲ. ವಾಯರಿನ ಮೇಲೆ ಗಾರೆ ಬಿದ್ದಿತ್ತು, ಗಿರಣಿಯ ಗೋಡೆ ಒಡೆಯಬೇಕಾಗುತ್ತಿತ್ತು. ಆ ಮೂರು ವರ್ಷ ರೊಟ್ಟಿಯವಳು ಬರುತ್ತಲೇ ಇದ್ದಳು. ಇವರು ತೋರಿಸುತ್ತಲೇ ಇದ್ದರು. ಕಾರಣವನ್ನು ಮಾತ್ರ ಹೇಳಿರಲಿಲ್ಲ. ಆಕೆ ಹೋದ ಮೇಲೆ ಆ ರೊಟ್ಟಿಗಳನ್ನು ಮುಟ್ಟದೆ ಕೂರುವರು. ಅವರ ಪಾಲನ್ನೂ ನಾನೇ ಮನೆಗೆ ಒಯ್ಯುತ್ತಿದ್ದೆ.

"ಹೇಳಬೇಕ ರಿ ಅಕ್ಕಾರ ಆಕಿಗೆ," ಎಂದು ಆಗಾಗ ಅನ್ನುವರು.

"ಹೇಳಿ ಏನ ಮಾಡ್ತೀರಿ? ಹ್ವಾದ ಜೀವ ಬರತೈತೇನು? ಸುಮ್ಮ ಶಾಪ ಹಾಕ್ತಾಳ."

"ಹಾಕ್ಲಿ ಅಂತನ ಹೇಳೂದ್ರಿ." ಹಾಗೆ ಹೇಳಿದಾಗ ಅವರ ದನಿಯಲ್ಲಿ ಒಂಥರಾ ಆಸೆ ಇತ್ತು. ಈ ನಾಲ್ಕು ವರ್ಷದಲ್ಲಿ ಅವರು ಆಸೆಪಟ್ಟ ಇನ್ನೊಂದು ವಸ್ತು ಅದೇ ಇರಬೇಕು. ಬೈಸಿಕೊಳ್ಳುವುದು. ನಾನು ದಿನವೂ ಬೈಯುತ್ತಿದ್ದೆ, ಆದರೆ ನನ್ನದು ಲೆಕ್ಕಕ್ಕಿರಲಿಲ್ಲ.

ಕಳೆದ ವರ್ಷ ಗಿರಣಿಗೆ ಹೊಸ ಮೋಟಾರು ಕೂರಿಸಲು ಗೋಡೆ ಒಡೆದರು. ಮಾಲಕರೇ ಹೇಳಿಕಳಿಸಿದರು. ಇವರು ನನ್ನ ಅಂಗಡಿಯ ಎಲ್ಲಕ್ಕಿಂತ ಒಳ್ಳೆಯ ಬಂಡಲ್ ಆರಿಸಿದರು. ಕೆರೆದರು, ಅಯಸ್ಕಾಂತ ತಾಗಿಸಿದರು, ಎಳೆ ಎಣಿಸಿದರು. ತಿಂಗಳುಗಟ್ಟಲೆ ನನ್ನ ಕಪಾಟಿನಲ್ಲೇ ಕಂಡ ವಾಯರನ್ನು ಹೊಸದಾಗಿ ಎಣಿಸುವುದೇನಿತ್ತೋ! ಸುಮ್ಮನೆ ನೋಡುತ್ತ ನಿಂತೆ. ಮೋಟಾರಿನಿಂದ ದೂರ, ಗೋಡೆಯ ಆ ಬದಿಯಿಂದ, ಎರಡು ದಿನ ಒಬ್ಬರೇ ಎಳೆದರು. ಮೊಣಕಾಲು ಹಿಡಿದುಕೊಂಡು ಏಣಿ ಹತ್ತಿದರು. ಅದು ಅವರು ಮಾಡಿದ ಕೊನೆಯ ಕೆಲಸ. ಆಮೇಲೆ ಯಾರು ಕರೆದರೂ ಹೋಗಲಿಲ್ಲ.

ಮೂರನೆಯ ದಿನ ನನ್ನ ಹತ್ತಿರ ಬಂದು, "ಆಕೀನ್ನ ಕರ್ಕೊಂಡ ಬರ್ರಿ ಅಕ್ಕಾರ. ಅಲ್ಲೇ, ತೋರಿಸೇ ಹೇಳ್ತೀನಿ," ಎಂದರು. ಈ ಸಲ ನಾನು ಬೇಡವೆನ್ನಲಿಲ್ಲ. ಅಂಗಡಿ ಮುಚ್ಚಿ, ರೊಟ್ಟಿಯವಳನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹೋದೆ. ಆ ರಸ್ತೆ ಬಂದಾಗ ಆಕೆ ನನ್ನ ಹೆಗಲು ಬಿಗಿಯಾಗಿ ಹಿಡಿದಳು.

ಮಾಲಕರ ಪಡಸಾಲೆಯಲ್ಲಿ ಟಿವಿ ಹಚ್ಚಿತ್ತು. ಹೊಸ ಮೋಟಾರಿನ ಗಿರಣಿ ಭರ್ರೆಂದು ಓಡುತ್ತಿತ್ತು, ಇವರೇ ಬೇಕೆಂದು ಚಾಲೂ ಮಾಡಿಸಿದ್ದರು. ಪರದೆಯ ಮೇಲೆ ಒಂದು ಗೆರೆಯಿಲ್ಲ. ಕಿಟಕಿ ತೆರೆದು ನೋಡಿದ ಹಾಗೆ ರಸ್ತೆ. ಬೇಲಿಯ ಮೇಲೆ ಕೂತ ಕಾಗೆಯ ಕೊಕ್ಕೂ ಕಾಣುತ್ತಿತ್ತು. ಕಬ್ಬಿನ ಟ್ರ್ಯಾಕ್ಟರ್ ಒಂದು ಬಂತು, ಎರಡು ಟ್ರೇಲರ್. ಹಿಂದಿನದರ ಬೆನ್ನ ಮೇಲಿನ ನಂಬರು ಅಚ್ಚೊತ್ತಿದಷ್ಟು ಸ್ವಚ್ಛ. ಆಕೆಗೆ ಅಕ್ಷರ ಬರುವುದಿಲ್ಲ, ಮೊಬೈಲಿನಿಂದ ಅಂಕಿ ಕಲಿತಿದ್ದಾಳೆ. "ನಾಕು... ಏಳು... ಏಳು... ಎರಡು," ಎಂದು ಗಟ್ಟಿಯಾಗಿ ಓದಿದಳು. ನನ್ನ ಕಡೆ ತಿರುಗಿ ನಕ್ಕಳು. ಮೂರು ವರ್ಷದಲ್ಲಿ ಆಕೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಅವರು ಆಕೆಯ ಎದುರು ನೆಲದ ಮೇಲೆ ಕೂತರು. ಒಂದು ಕೈಯಲ್ಲಿ ಕಿತ್ತ ಹಳೆಯ ವಾಯರಿನ ತುಂಡು, ಇನ್ನೊಂದರಲ್ಲಿ ಹೊಸದು. ಎಲ್ಲವನ್ನೂ ಹೇಳಿದರು. ತಾನು ಹಾಕಬಾರದ ವಾಯರ್ ಹಾಕಿದ್ದು, ಗೆರೆ ಬರುತ್ತವೆ ಎಂದಾಗ ಎಲ್ಲಾ ಕಡೆ ಹಾಗೇ ಬರುತ್ತವೆ ಎಂದದ್ದು, ಅದರಿಂದಲೇ ಆ ದಿನದ ನಂಬರು ಕಾಣದಿರುವುದು. ನಾನು ಹೇಳಿದ ಮಾತನ್ನು ಹೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಅದಕ್ಕೆ ಕ್ಷಮೆಯಿಲ್ಲ. "ತಪ್ಪ ನಂದ ಐತಿ ತಂಗಿ. ನಂಬರ ಇತ್ತು. ನನ್ನ ವಾಯರ್‌ನ್ಯಾಗ ಹೋತು. ನೀ ಏನ ಅಂತೀ ಅನ್ನು," ಎಂದು ತಲೆ ಬಗ್ಗಿಸಿದರು.

ಆಕೆ ಎರಡೂ ತುಂಡುಗಳನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಆಕೆಗೂ ಎರಡೂ ಒಂದೇ ಥರ ಕಂಡಿರಬೇಕು.

"ಹಂಗಾರ ಇದು ಛಲೋ ವಾಯರ್ ಏನ್ರಿ ಅಣ್ಣಾರ? ಈಗ ಹಾಕಿದ್ದು?"

"ಹೂಂ ತಂಗಿ. ಛಲೋದು."

"ಹಂಗಾರ ಆ ದಿನದ್ದು ಹಚ್ರಿ ಈಗ."

ಅವರು ತಲೆ ಎತ್ತಿದರು. ಆಕೆ ಟಿವಿಯ ಕಡೆ ತಿರುಗಿ, ಸೆರಗು ಸರಿಮಾಡಿಕೊಂಡು, ತಯಾರಾಗಿ ಕೂತಿದ್ದಳು.

"ಅದು ಬರಂಗಿಲ್ಲ ತಂಗಿ," ಎಂದರು. ಗಿರಣಿಯ ಸದ್ದಿನಲ್ಲಿ ಆಕೆಗೆ ಕೇಳಲಿಲ್ಲ, ಇನ್ನೊಮ್ಮೆ ಹೇಳಬೇಕಾಯಿತು. "ಆ ದಿನದ್ದು ಆ ವಾಯರ್‌ನ್ಯಾಗ ಬಂದದ್ದು. ಅದು ಹಂಗ ಇರತೈತಿ. ಇನ್ನ ಮ್ಯಾಲಿಂದಷ್ಟ ಇದರಾಗ ಕಾಣತೈತಿ."

ಆಕೆ ಸಿಟ್ಟಾಗಲಿಲ್ಲ. ಶಾಪ ಹಾಕಲಿಲ್ಲ. ಅರ್ಥವಾಗದ ಪಾಠವನ್ನು ಮಾಸ್ತರನ್ನು ಕೇಳುವವಳ ಹಾಗೆ ಕೇಳಿದಳು.

"ಹಂಗಾರ ಇದನ್ನ ಯಾಕ ಹಾಕಿದ್ರಿ?"

ಅವರು ಎರಡೂ ತುಂಡುಗಳನ್ನು ಆಕೆಯ ಕೈಯಿಂದ ಮೆಲ್ಲಗೆ ತೆಗೆದುಕೊಂಡರು. ಗಿರಣಿ ಓಡುತ್ತಿತ್ತು. ಪರದೆಯ ಮೇಲೆ ಇನ್ನೊಂದು ಟ್ರ್ಯಾಕ್ಟರ್ ಹೋಯಿತು, ಅದರ ಹಿಂದಿನ ಟ್ರೇಲರಿನ ನಂಬರೂ ಸ್ವಚ್ಛವಾಗಿ ಕಂಡಿತು. ಆಕೆ ಅದನ್ನೂ ಸಣ್ಣ ದನಿಯಲ್ಲಿ ಓದಿದಳು.